ಆಂಪ್ಲಿಫೈಯರಿಗೊಂದು ದೂರಸ್ವಿಚ್ಚು
ಮನೆಯಲ್ಲೇ ಕಟ್ಟಿದ ಆಂಪ್ಲಿಫೈಯರನ್ನು ದೂರದಿಂದ ಚಾಲೂ ಮಾಡಲು ಸಾಮಾನ್ಯವಾಗಿ ಆಶ್ರಯಿಸುವುದು ರಿಲೇಯನ್ನು, ಅಂದರೆ ಸುರುಳಿಯಲ್ಲಿ ಸಣ್ಣ ಪ್ರವಾಹ ಹರಿದಾಗ ಉಂಟಾಗುವ ಕಾಂತಬಲದಿಂದ 230 ವೋಲ್ಟಿನ ಸಂಪರ್ಕವನ್ನು ಕೂಡಿಸುವ ಸ್ವಿಚ್ಚನ್ನು. ಅನೇಕ ಎವಿ ರಿಸೀವರುಗಳ ಬೆನ್ನಿನಲ್ಲಿರುವ ‘ಟ್ರಿಗರ್’ ಕಿಂಡಿ ಇದಕ್ಕೆಂದೇ 12 ವೋಲ್ಟನ್ನು ಹೊರಗೆ ಕೊಡುತ್ತದೆಯಾದರೂ ಅದರಿಂದ ಎಳೆಯಬಹುದಾದ ಪ್ರವಾಹ ಅಲ್ಪವಾದ್ದರಿಂದ, ನಡುವೆ ಒಂದು ಟ್ರಾನ್ಸಿಸ್ಟರನ್ನಿಟ್ಟು, ಸುರುಳಿಗೆ ಬೇಕಾದ ಶಕ್ತಿಯನ್ನು ಪುಟ್ಟದೊಂದು ಪ್ರತ್ಯೇಕ ಟ್ರಾನ್ಸ್‌ಫಾರ್ಮರಿನ ಮೂಲಕ ಪಡೆಯುವುದು ಲೇಸು. ಪ್ರವಾಹ ನಿಂತ ಕ್ಷಣದಲ್ಲಿ ಸುರುಳಿಯು ಹಿಮ್ಮುಖ ವೋಲ್ಟೇಜನ್ನು ಚಿಮ್ಮಿಸಿ ಆ ಟ್ರಾನ್ಸಿಸ್ಟರನ್ನು ಸುಡಬಲ್ಲುದಾದ್ದರಿಂದ, 1ಎನ್4007ರಂತಹ ಡಯೋಡನ್ನು ಸುರುಳಿಗೆ ಅಡ್ಡಲಾಗಿ, ಅದರ ಬೆಳ್ಳಿಪಟ್ಟಿಯ ತುದಿ ಧನತಂತಿಯ ಕಡೆಗಿರುವಂತೆ ಬೆಸೆಯಬೇಕು. ತಿರುವುಮುರುವಾದರೆ ಅದು ರಕ್ಷಣೆಯಲ್ಲ, ಶುದ್ಧ ಶಾರ್ಟ್ ಸರ್ಕ್ಯೂಟು. ಹವ್ಯಾಸಿಗಳು ಕಡೆಗಣಿಸುವುದು ಮೊದಲ ಹೊಡೆತವನ್ನು. ಉಂಗುರಾಕಾರದ ತಿರುಳುಳ್ಳ ಟೊರಾಯ್ಡ್ ಟ್ರಾನ್ಸ್‌ಫಾರ್ಮರೂ ಬರಿದಾದ ಫಿಲ್ಟರ್ ಕೆಪಾಸಿಟರುಗಳೂ ಚಾಲನೆಯ ಆರಂಭದಲ್ಲಿ ವಾಡಿಕೆಯ ಪ್ರವಾಹದ ಹಲವು ಪಟ್ಟನ್ನು ಎಳೆಯುವುದರಿಂದ ರಿಲೇಯ ಸಂಪರ್ಕಬಿಂದುಗಳು ಬೆಸೆದು ಅಂಟಿಕೊಳ್ಳುವುದುಂಟು, ಅಂಟಿದ ಮೇಲೆ ರಿಮೋಟ್ ಎಷ್ಟು ಒತ್ತಿದರೂ ಆಂಪ್ಲಿಫೈಯರ್ ಆರದು. ಆದುದರಿಂದ ಮೊದಲಿಗೆ ರೋಧಕವೊಂದರ ಮೂಲಕ ಪ್ರವಾಹವನ್ನು ಹಾಯಿಸಿ, ಸುಮಾರು ಅರ್ಧ ಸೆಕೆಂಡಿನ ಬಳಿಕ ಎರಡನೆಯ ರಿಲೇ ಆ ರೋಧಕವನ್ನು ಬದಿಗಿರಿಸುವಂತೆ ಮಾಡುವುದು ರೂಢಿ. ರಿಲೇ ತೆರೆದಿದ್ದಾಗಲೂ ಪೆಟ್ಟಿಗೆಯೊಳಗೆ 230 ವೋಲ್ಟ್ ಇದ್ದೇ ಇರುವುದರಿಂದ, ಫ್ಯೂಸನ್ನೂ ಕೈಸ್ವಿಚ್ಚನ್ನೂ ರಿಲೇಗಿಂತ ಮುಂಚೆಯೇ ಅಳವಡಿಸಿ, ಲೋಹದ ಪೆಟ್ಟಿಗೆಯನ್ನು ಅರ್ತಿಂಗ್‌ಗೆ ಜೋಡಿಸತಕ್ಕದ್ದು.