ಜಮಖಾನೆಗೆ ಕತ್ತರಿ ಹಾಕ್ಬೇಡಿ ಸ್ವಾಮಿ!

ಬಾಡಿಗೆ ಮನೆಯ ಹಾಲ್ ಎಲ್ ಆಕಾರದ್ದು, ಮೂಲೆಯಲ್ಲೊಂದು ಪಿಲ್ಲರ್ ಬೇರೆ. ಊರಿಂದ ತಂದ ಜಮಖಾನೆ ಅಲ್ಲಿ ಕೂರೋದಿಲ್ಲ. ತಕ್ಷಣ ಸಲಹೆ ಬರುತ್ತೆ: 'ಒಂದಡಿ ಕತ್ತರಿಸಿಬಿಡಿ, ಮುಗೀತು!' ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ.

ಟಫ್ಟೆಡ್ ಕಾರ್ಪೆಟ್ ಆದರೆ ಧಾರಾಳವಾಗಿ ಕತ್ತರಿಸಿ. ಅದರ ನೂಲು ನಿಂತಿರೋದೇ ಹಿಂಬದಿಯ ಅಂಟಿನ ಮೇಲೆ. ಹಿಂದೆ ಗೆರೆ ಎಳೆದು, ಕಟರ್‌ನಿಂದ ಕೊಯ್ದು, ಅಂಚಿಗೆ ಪಟ್ಟಿ ಹೊಲಿದರಾಯ್ತು. ನವಲಗುಂದದ ಜಮಖಾನೆ ಕತೆಯೇ ಬೇರೆ. ಅಲ್ಲಿ ಅಂಟಿಲ್ಲ, ಹಾಸು-ಹೊಕ್ಕು ಒಂದನ್ನೊಂದು ಹಿಡಿದುಕೊಂಡಿರೋದೇ ಎಲ್ಲ. ತುದಿಯ ಕುಚ್ಚು ಬರೀ ಅಲಂಕಾರವಲ್ಲ, ಹೊಕ್ಕು ಜಾರದ ಹಾಗೆ ಹಾಸಿನ ಎಳೆಗಳಿಗೆ ಹಾಕಿದ ಗಂಟು. ಕತ್ತರಿಸಿದಿರೋ, ಗುಡಿಸಿದಾಗಲೆಲ್ಲ ಎಳೆ ಬಿಚ್ಚುತ್ತಾ ಹೋಗುತ್ತೆ.

'ಅಂಚು ಹೊಲಿಸಿದರೆ ನಿಲ್ಲುತ್ತಲ್ಲ?' ಅಂತೀರಿ. ನಿಲ್ಲಬಹುದು. ಆದರೆ ಅಲ್ಲಿನ ಹೆಣ್ಣುಮಕ್ಕಳು ಮಗ್ಗದ ಮುಂದೆ ಕೂತು, ಎಳೆ ಎಣಿಸಿ ಕೂರಿಸಿದ ನವಿಲಿನ ಅರ್ಧ ಭಾಗವನ್ನು ಎಲ್ಲಿಂದ ತರ್ತೀರಿ? ಭೌಗೋಳಿಕ ಸೂಚಕ ಸಿಕ್ಕಿದೆ ಅಂತ ಹೆಮ್ಮೆ ಪಡೋರೂ ನಾವೇ, ಕತ್ತರಿ ಹಿಡಿಯೋರೂ ನಾವೇ!

ಬಾಡಿಗೆ ಕರಾರಿನ ಆಯಸ್ಸು 11 ತಿಂಗಳು. ಒಳ್ಳೆ ಜಮಖಾನೆಯದು ಹತ್ತಾರು ವರ್ಷ. ಯಾವುದು ಯಾವುದಕ್ಕೆ ಬಗ್ಗಬೇಕು?

ಹೆಚ್ಚಾದ ಭಾಗವನ್ನು ಅಡಿಗೆ ಮಡಚಿ, ದಪ್ಪ ದಾರದಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ. ಮಡಿಕೆ ಗೋಡೆ ಕಡೆಗಿರಲಿ, ಯಾರೂ ಎಡವೋದಿಲ್ಲ. ಮನೆ ಬದಲಿಸುವಾಗ ದಾರ ಬಿಚ್ಚಿದರೆ ಹಳೇ ಅಳತೆ ವಾಪಸ್. ದಿನಕ್ಕೆ ನೂರು ಸಲ ಕಂಟ್ರೋಲ್-ಝಡ್ ಒತ್ತುವ ನಮಗೆ ಇಷ್ಟು ಹೊಳೀಬೇಡ್ವಾ? ಕತ್ತರಿಗೆ ಅನ್‌ಡೂ ಇಲ್ಲ.

ಏನಂತೀರಿ? :-)