ಹೊಸ ರೈಲು ಬಂತು, ಮೈ ಏನೆನ್ನುತ್ತದೆ?

ಬೆಂಗಳೂರಿನ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಮೆಟ್ರೊ ಹಳದಿ ಮಾರ್ಗ 2025ರ ಆಗಸ್ಟ್ 10ರಂದು ಉದ್ಘಾಟನೆಯಾಗಿ, ಮರುದಿನದಿಂದ ಜನರಿಗೆ ತೆರೆದುಕೊಂಡಿತು. ಸುಮಾರು 19 ಕಿಲೋಮೀಟರ್ ದಾರಿ, 16 ನಿಲ್ದಾಣ. ಬೆಂಗಳೂರಿನ ಸುದ್ದಿ ನಮಗೇಕೆ ಎನ್ನಬೇಡಿ. ಹೊಸಪೇಟೆ, ಕಂಪ್ಲಿ, ಸಂಡೂರು, ದರೋಜಿಯ ಎಷ್ಟು ಮನೆಗಳ ಮಕ್ಕಳು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಹೋಗಿ ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರದ ಕಡೆ ದುಡಿಯುತ್ತಿದ್ದಾರೆ ಎಂಬುದು ನಿಮಗೇ ಗೊತ್ತು. ಸಿಲ್ಕ್ ಬೋರ್ಡ್ ವೃತ್ತದ ವಾಹನ ದಟ್ಟಣೆಯ ಕಥೆಯನ್ನು ಊರಿಗೆ ಬಂದಾಗಲೆಲ್ಲ ಹೇಳಿಯೇ ಇರುತ್ತಾರೆ.

ಮಾರ್ಗ ತೆರೆದ ಮೊದಲ ದಿನಗಳಲ್ಲಿ ಜನರ ಮಾತು ಎರಡು ಬಗೆಯಾಗಿತ್ತು. ‘ಅಂತೂ ಬಂತಲ್ಲ, ಸಿಲ್ಕ್ ಬೋರ್ಡ್ ಕಾಟ ತಪ್ಪಿತು’ ಎಂಬ ಸಂತೋಷ ಒಂದು ಕಡೆ. ಶುರುವಿನಲ್ಲಿ ಮೂರೇ ರೈಲುಗಳಿದ್ದು 25 ನಿಮಿಷಕ್ಕೊಂದು ಬರುತ್ತಿದ್ದುದರಿಂದ, ‘ಒಂದು ತಪ್ಪಿದರೆ ಕೆಲಸವೇ ಕೆಟ್ಟಿತು’ ಎಂಬ ಗೊಣಗಾಟ ಇನ್ನೊಂದು ಕಡೆ. ಸಮಯ, ಜನಜಂಗುಳಿ, ಟಿಕೆಟ್ ದರ ಇವುಗಳ ಮೇಲೆಯೇ ಚರ್ಚೆಯೆಲ್ಲ ನಡೆಯಿತು. ದಿನಾ ಪ್ರಯಾಣ ಮಾಡುವ ಮೈ ಏನೆನ್ನುತ್ತದೆ ಎಂದು ಕೇಳಿದವರು ಕಡಿಮೆ. ಈ ವಾರ ಅದನ್ನೇ ಕೇಳೋಣ.

ಬಸ್ಸು, ರೈಲಿಗೂ ಹೃದಯಕ್ಕೂ ಇರುವ ನಂಟು ವೈದ್ಯಲೋಕಕ್ಕೆ ಹೊಸದಲ್ಲ. ಲಂಡನ್ನಿನ ಜೆರ್ರಿ ಮಾರಿಸ್ ಎಂಬ ವೈದ್ಯರು ಅಲ್ಲಿನ ಎರಡಂತಸ್ತಿನ ಬಸ್ಸುಗಳ ಚಾಲಕರನ್ನೂ ಕಂಡಕ್ಟರುಗಳನ್ನೂ ಹೋಲಿಸಿ ನೋಡಿ 1953ರಲ್ಲಿ ವರದಿ ಪ್ರಕಟಿಸಿದರು. ಇಬ್ಬರದೂ ಒಂದೇ ಬಸ್ಸು, ಒಂದೇ ಹೊಗೆ, ಹೆಚ್ಚು ಕಡಿಮೆ ಒಂದೇ ತರಹದ ಮನೆತನ. ಆದರೂ ಇಡೀ ದಿನ ಕುಳಿತೇ ಇರುವ ಚಾಲಕರಿಗಿಂತ, ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಲ್ಲಿ ಹೃದಯಾಘಾತ ಬಹಳ ಕಡಿಮೆಯಿತ್ತು. ನಮ್ಮ ಕೆಂಪು ಬಸ್ಸಿನ ಕಂಡಕ್ಟರು ನಿಂತ ಜನರ ನಡುವೆ ನುಸುಳಿ ‘ಮುಂದಕ್ಕೆ ಸರೀರಿ’ ಎಂದು ಕೂಗುವಾಗ ಈ ಮಾತು ನೆನಪಿಸಿಕೊಳ್ಳಿ.

ಇನ್ನೊಂದು ಉದಾಹರಣೆ ಅಮೆರಿಕದ ಷಾರ್ಲಟ್ ನಗರದ್ದು. ಅಲ್ಲಿ 2007ರಲ್ಲಿ ಲೈಟ್ ರೈಲು ಶುರುವಾಯಿತು. ಲೈಟ್ ರೈಲು ಎಂದರೆ ಮೆಟ್ರೊಗಿಂತ ಚಿಕ್ಕದು, ಹಳೆಯ ಟ್ರಾಮಿನ ತಂಗಿ ಎನ್ನಬಹುದು. ರೈಲು ಬರುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ ಅಲ್ಲಿನ ನಿವಾಸಿಗಳನ್ನು ಸಂಶೋಧಕರು ವಿಚಾರಿಸಿದರು. ಆ ರೈಲಿನಲ್ಲಿ ದಿನಾ ಓಡಾಡಲು ಶುರುಮಾಡಿದವರ ತೂಕ, ಓಡಾಡದವರಿಗೆ ಹೋಲಿಸಿದರೆ, ಐದಡಿ ಐದಂಗುಲ ಎತ್ತರದವರ ಲೆಕ್ಕದಲ್ಲಿ ಸುಮಾರು ಮೂರು ಕಿಲೋದಷ್ಟು ತಗ್ಗಿತ್ತು. ಪಥ್ಯವಿಲ್ಲ, ಔಷಧಿಯಿಲ್ಲ. ರೈಲಿನಲ್ಲಿ ಮಾಯೆಯೇನೂ ಇಲ್ಲ. ಮನೆಯಿಂದ ನಿಲ್ದಾಣಕ್ಕೆ, ನಿಲ್ದಾಣದಿಂದ ಕೆಲಸಕ್ಕೆ ನಡೆದದ್ದರ ಫಲ ಎಂದು ಅವರ ಅಂದಾಜು. ವಾರಕ್ಕೆ 150 ನಿಮಿಷವಾದರೂ ಚುರುಕಾಗಿ ನಡೆಯಿರಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಲ್ದಾಣಕ್ಕೆ ಹೋಗಲು ಬರಲು ಹದಿನೈದು ಹದಿನೈದು ನಿಮಿಷ ನಡೆದರೆ ಐದು ದಿನಕ್ಕೇ ಆ ಲೆಕ್ಕ ಮುಗಿಯಿತು.

ಆದರೆ ಅಮೆರಿಕದ ಈ ಲೆಕ್ಕವನ್ನು ಹಾಗೆಯೇ ತಂದು ನಮ್ಮ ಮೈಗೆ ಅಂಟಿಸಬಾರದು. ಅಲ್ಲಿ ರೈಲು ಹತ್ತಿದವರು ಅದಕ್ಕೆ ಮುಂಚೆ ಕಾರಿನಲ್ಲಿ ಕುಳಿತು ಹೋಗುತ್ತಿದ್ದವರು. ನಮ್ಮಲ್ಲಿ ಬಸ್ಸಿನಲ್ಲಿ ನಿಂತು, ಟಂಟಂನಲ್ಲಿ ತೂರಿಕೊಂಡು ಹೋಗುತ್ತಿದ್ದವರೇ ರೈಲಿಗೂ ಬರುವುದು. ಅದಲ್ಲದೆ ನಿಲ್ದಾಣದವರೆಗೆ ಮೋಟಾರು ಬೈಕಿನಲ್ಲಿ ಹೋಗಿ, ಎಸ್ಕಲೇಟರಿನಲ್ಲಿ ಮೇಲೇರಿ, ಸೀಟಿಗಾಗಿ ಮೊಣಕೈ ಚುಚ್ಚಿ ಕುಳಿತರೆ ಹೃದಯಕ್ಕೆ ದಕ್ಕಿದ್ದು ಸೊನ್ನೆ. ನಡೆಯೋಣ ಎಂದರೆ ಫುಟ್‌ಪಾತ್ ಎಲ್ಲಿದೆ? ಚರಂಡಿಯ ಒಡೆದ ಕಲ್ಲು, ಅಡ್ಡ ನಿಲ್ಲಿಸಿದ ಗಾಡಿ, ಬೀದಿನಾಯಿ. ರೈಲು ಮಾರ್ಗಕ್ಕೆ ಕೋಟಿ ಕೋಟಿ ಸುರಿಯುವಾಗ ಸುತ್ತಲ ಒಂದು ಕಿಲೋಮೀಟರಿನ ಕಾಲುದಾರಿಗೂ ಒಂದಿಷ್ಟು ತೆಗೆದಿಟ್ಟರೆ, ಹಲವರ ಸಕ್ಕರೆ ಕಾಯಿಲೆಗೂ ರಕ್ತದೊತ್ತಡಕ್ಕೂ ಅದೇ ಅಗ್ಗದ ಮದ್ದಾದೀತು ಎಂಬುದು ನನ್ನ ಅಭಿಪ್ರಾಯ. ಟಿಕೆಟ್ ದರವೂ ಆರೋಗ್ಯದ ವಿಷಯವೇ. 2025ರ ಫೆಬ್ರುವರಿಯಲ್ಲಿ ಮೆಟ್ರೊ ದರ ಏರಿಸಿ ಗರಿಷ್ಠ 90 ರೂಪಾಯಿ ಮಾಡಿದಾಗ ಕೆಲವರು ಮತ್ತೆ ಬೈಕು ಹತ್ತಿದರು. ಬೈಕು ಹತ್ತಿದವನ ಬೆನ್ನು, ಶ್ವಾಸಕೋಶ, ಅಪಘಾತದ ಭಯ ಯಾವ ದರಪಟ್ಟಿಯಲ್ಲೂ ಬರುವುದಿಲ್ಲ.

ಈಗ ನಮ್ಮ ಕಡೆಗೆ ಬನ್ನಿ. ಹೊಸಪೇಟೆ–ಕೊಟ್ಟೂರು ಮಾರ್ಗ ಬ್ರಾಡ್‌ಗೇಜ್ ಆದ ಮೇಲೂ ಪ್ರಯಾಣಿಕರ ರೈಲಿಗಾಗಿ ಜನ ವರ್ಷಗಟ್ಟಲೆ ಮನವಿ ಕೊಟ್ಟು ಕಾಯಬೇಕಾಯಿತು. ಹೊಸಪೇಟೆ–ಹರಿಹರ ಪ್ಯಾಸೆಂಜರ್ ಓಡಿದ್ದು 2019ರಲ್ಲಿ. ನಮ್ಮ ಸೀಮೆಯ ಹಳಿಗಳ ಮೇಲೆ ಅದಿರಿಗೆ ಸಿಕ್ಕಷ್ಟು ಸುಲಭವಾಗಿ ಮನುಷ್ಯರಿಗೆ ಜಾಗ ಸಿಗುವುದಿಲ್ಲ. ಅದಿರಿನ ಭರಾಟೆಯ ದಿನಗಳಲ್ಲಿ, ಅಂದರೆ 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳನ್ನು ನಿಲ್ಲಿಸುವ ಮುಂಚೆ, ಸಂಡೂರು–ಹೊಸಪೇಟೆ ರಸ್ತೆಯಲ್ಲಿ ಲಾರಿಗಳ ಹಿಂದೆ ಬಸ್ಸಿನಲ್ಲಿ ಹೋದವರಿಗೆ ಕೆಂಪು ಧೂಳು ಮೂಗಿನಲ್ಲಿ, ಕರ್ಚೀಫಿನಲ್ಲಿ, ಕೆಮ್ಮಿನ ಕಫದಲ್ಲಿ ಕಾಣುತ್ತಿತ್ತು. ಅಂಥ ರಸ್ತೆಗಿಂತ ರೈಲಿನ ಡಬ್ಬಿ ಎಷ್ಟೋ ವಾಸಿ. ದರೋಜಿಯಂಥ ಊರಿನಿಂದ ತೋರಣಗಲ್ಲಿಗೋ ಬಳ್ಳಾರಿಗೋ ದಿನಾ ಓಡಾಡುವ ಶಿಕ್ಷಕಿಗೆ, ನರ್ಸಿಗೆ, ಕಾಲೇಜು ಹುಡುಗಿಗೆ ಹೊತ್ತಿಗೆ ಸರಿಯಾಗಿ ಬರುವ ಒಂದು ರೈಲು ಔಷಧಿ ಅಂಗಡಿಯಷ್ಟೇ ಬೇಕಾದದ್ದು.

‘ಹೊತ್ತಿಗೆ ಸರಿಯಾಗಿ’ ಎಂಬ ಮಾತನ್ನು ಸುಮ್ಮನೆ ಸೇರಿಸಲಿಲ್ಲ. 1970ರ ದಶಕದಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಸ್ಟಾಕ್‌ಹೋಮಿಗೆ ರೈಲಿನಲ್ಲಿ ಬರುವವರ ಮೂತ್ರದಲ್ಲಿ ಅಡ್ರಿನಲಿನ್ ಎಂಬ ಚೋದಕರಸದ ಪ್ರಮಾಣ ಅಳೆದರು. ಗಾಬರಿ, ಒತ್ತಡ ಬಂದಾಗ ಮೈಯಲ್ಲಿ ಏರುವ ರಸ ಅದು. ಮೊದಲ ನಿಲ್ದಾಣದಲ್ಲಿ ಹತ್ತಿ ಹೆಚ್ಚು ಹೊತ್ತು ಪ್ರಯಾಣ ಮಾಡಿದವರಲ್ಲಿ ಅದು ಹೆಚ್ಚಿರಬೇಕೆಂದು ನಾವು ಊಹಿಸುತ್ತೇವೆ. ಆದದ್ದು ತಿರುಗಾಮುರುಗಾ. ನಡುವೆ ಹತ್ತಿ ಕಡಿಮೆ ದೂರ ಬಂದವರಲ್ಲೇ ಅದು ಹೆಚ್ಚಿತ್ತು! ಮೊದಲು ಹತ್ತಿದವರಿಗೆ ಬೇಕಾದ ಸೀಟು, ಬೇಕಾದ ಜೊತೆ, ಚೀಲ ಇಡಲು ಜಾಗ ಸಿಗುತ್ತಿತ್ತು. ನಡುವೆ ಹತ್ತಿದವರ ಕೈಯಲ್ಲಿ ಏನೂ ಇರಲಿಲ್ಲ. ನಮ್ಮನ್ನು ಹಿಂಡುವುದು ದೂರಕ್ಕಿಂತ ಹೆಚ್ಚಾಗಿ ಅನಿಶ್ಚಿತತೆ. ಹಳದಿ ಮಾರ್ಗದಲ್ಲಿ ನಡುವಿನ ನಿಲ್ದಾಣದಲ್ಲಿ ನಿಂತು ಬಂದ ರೈಲಿನ ತುಂಬಿದ ಬಾಗಿಲು ನೋಡಿದವನ ಎದೆಬಡಿತವೂ, ‘ರೈಲು ತಡ’ ಎಂದು ಹೇಳುವವರೂ ಇಲ್ಲದೆ ಕಲ್ಲುಬೆಂಚಿನ ಮೇಲೆ ಕುಳಿತವಳ ತಲೆನೋವೂ ಒಂದೇ ಜಾತಿಯವು. ಆದ್ದರಿಂದ ರೈಲ್ವೆಗೆ ಮನವಿ ಬರೆಯುವಾಗ ವೇಗ ಹೆಚ್ಚಿಸಿ ಎನ್ನುವುದಕ್ಕಿಂತ, ಹೇಳಿದ ಹೊತ್ತಿಗೆ ಬನ್ನಿ, ತಡವಾದರೆ ಮೊದಲೇ ಹೇಳಿ ಎಂದು ಕೇಳುವುದು ಮೇಲು.

ಇನ್ನು ಯಾರೂ ಬಾಯಿಬಿಟ್ಟು ಹೇಳದ ಒಂದು ವಿಷಯ. ಹೆಂಗಸರು ಪ್ರಯಾಣದ ದಿನ ನೀರು ಕುಡಿಯುವುದಿಲ್ಲ. ಕುಡಿದರೆ ಹೋಗಬೇಕಾಗುತ್ತದೆ, ಹೋಗಲು ಜಾಗವಿಲ್ಲ. ಬಸ್ಸಿನಲ್ಲೂ ಇಲ್ಲ, ಮೆಟ್ರೊ ಬೋಗಿಯಲ್ಲೂ ಇಲ್ಲ. ಚಿಕ್ಕ ನಿಲ್ದಾಣಗಳಲ್ಲಿ ಶೌಚಾಲಯದ ಬಾಗಿಲಿಗಿಂತ ಅದರ ಬೀಗವನ್ನೇ ಹೆಚ್ಚು ಸಲ ನೋಡಿರುತ್ತೀರಿ. ನಮ್ಮ ಕಡೆಯ ಬೇಸಿಗೆಯಲ್ಲಿ ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಎರಡು ಲೋಟ ನೀರಿನಲ್ಲಿ ಕಳೆದರೆ ಮೂತ್ರ ಗಟ್ಟಿಯಾಗುತ್ತದೆ, ಹಳದಿಯಾಗಿ ಉರಿಯುತ್ತದೆ. ಬಹಳ ಹೊತ್ತು ತಡೆದಿಟ್ಟುಕೊಂಡರೆ ಸೋಂಕು ಹತ್ತುವ ಸಂಭವ ಹೆಚ್ಚು. ಗಟ್ಟಿಯಾದ ಮೂತ್ರದಲ್ಲಿಯೇ ಮೂತ್ರಪಿಂಡದ ಕಲ್ಲು ಬೆಳೆಯುವುದು. ಗರ್ಭಿಣಿಯರಿಗಂತೂ ಮೂತ್ರದ ಸೋಂಕು ತಾಯಿಗೂ ಮಗುವಿಗೂ ಅಪಾಯ ತರಬಲ್ಲದು. ಹೊಸ ರೈಲಿನ ಉದ್ಘಾಟನೆಗೆ ಹೂವಿನ ಹಾರ ಕಟ್ಟುವವರು ಶೌಚಾಲಯದ ಬೀಗದ ಕೈ ಯಾರ ಬಳಿ ಇದೆ ಎಂದೂ ವಿಚಾರಿಸಲಿ. ಮನೆಯ ಗಂಡಸರೂ ಒಮ್ಮೆ ಕೇಳಿ: ‘ಇವತ್ತು ಎಷ್ಟು ನೀರು ಕುಡಿದೆ?’ ಮನೆ ಬಿಡುವ ಒಂದು ಗಂಟೆ ಮುಂಚೆ ಎರಡು ಲೋಟ ನೀರು ಕುಡಿದು, ಹೊರಡುವಾಗ ಮೂತ್ರ ವಿಸರ್ಜಿಸಿ, ಕೆಲಸದ ಜಾಗ ತಲುಪಿದ ಕೂಡಲೇ ಮತ್ತೆ ಕುಡಿಯಲು ಶುರುಮಾಡುವುದು ಸದ್ಯಕ್ಕೆ ಇರುವ ಉಪಾಯ. ಮಧ್ಯಾಹ್ನ ಬುತ್ತಿಯ ಜೊತೆ ಒಂದು ದೊಡ್ಡ ಲೋಟ ಮಜ್ಜಿಗೆ.

ಬುತ್ತಿಯ ಮಾತು ಬಂದಿತೆಂದು ಹೇಳುತ್ತೇನೆ. ರೈಲಿನ ಆತುರದಲ್ಲಿ ತಿಂಡಿ ಬಿಟ್ಟು, ಇಳಿದ ಮೇಲೆ ನಿಲ್ದಾಣದ ಹೊರಗೆ ಒಗ್ಗರಣಿ-ಮಿರ್ಚಿ ತಿನ್ನುವುದು ನಮ್ಮವರ ರೂಢಿ. ಅದರ ರುಚಿಗೆ ನಾನೂ ಸೋತವನೇ, ಆದರೆ ದಿನಾ ಬೇಡ. ಸಕ್ಕರೆ ಕಾಯಿಲೆಯವರು ಮಾತ್ರ ಇಲ್ಲಿ ಹುಷಾರಾಗಿರಬೇಕು. ಮಾತ್ರೆ ನುಂಗಿ ಅಥವಾ ಇನ್ಸುಲಿನ್ ಚುಚ್ಚಿಕೊಂಡು ತಿನ್ನದೆ ರೈಲಿಗೆ ಓಡಿದರೆ ರಕ್ತದ ಸಕ್ಕರೆ ಹಠಾತ್ತಾಗಿ ಇಳಿದು ಬೆವರು, ನಡುಕ, ಕಣ್ಣುಕತ್ತಲೆ ಬರುತ್ತದೆ. ನೂಕುನುಗ್ಗಲಿನಲ್ಲಿ ಬಿದ್ದರೆ ಯಾರಿಗೂ ಕಾರಣ ತಿಳಿಯದು. ಜೇಬಿನಲ್ಲಿ ನಾಲ್ಕು ಚಮಚ ಸಕ್ಕರೆಯ ಪೊಟ್ಟಣ, ಜೊತೆಗೆ ‘ನನಗೆ ಸಕ್ಕರೆ ಕಾಯಿಲೆ ಇದೆ’ ಎಂದು ಬರೆದ ಚೀಟಿ ಇರಲಿ.

ಕಡೆಯದಾಗಿ, ಚಿಕಿತ್ಸೆಗೆಂದು ಬೆಂಗಳೂರಿಗೆ ಹೋಗುವವರಿಗೆ ಒಂದು ಮಾತು. ಹಳದಿ ಮಾರ್ಗದಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆಯ ಹೆಸರಿನದೇ ಒಂದು ನಿಲ್ದಾಣವಿದೆ. ಅದು ಬಹಳ ಎತ್ತರದ ನಿಲ್ದಾಣ. ಮೇಲೆ ಹೇಳಿದ ಮೆಟ್ಟಿಲಿನ ಉಪದೇಶ ಹೃದ್ರೋಗಿಗಳಿಗೆ ಅನ್ವಯಿಸುವುದಿಲ್ಲ. ನಡೆದರೆ ಎದೆ ಹಿಡಿಯುವವರು, ಏದುಸಿರು ಬರುವವರು ಸಂಕೋಚಪಡದೆ ಸಿಬ್ಬಂದಿಯನ್ನು ಕೇಳಿ ಲಿಫ್ಟಿನಲ್ಲೇ ಇಳಿಯಿರಿ. ರಾತ್ರಿ ರೈಲಿನಲ್ಲಿ ಹೋಗುವವರು ಬೆಳಗಿನ ಮಾತ್ರೆಗಳನ್ನೂ ಹಳೆಯ ಇ.ಸಿ.ಜಿ. ಕಾಗದಗಳನ್ನೂ ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿ ಇಡದೆ ಕೈಚೀಲದಲ್ಲೇ ಇಟ್ಟುಕೊಳ್ಳಿ. ಎದೆನೋವು ಶುರುವಾಗಿ ನಿಲ್ಲದಿದ್ದರೆ ಬೆಂಗಳೂರು ಬರಲಿ ಎಂದು ಕಾಯಬೇಡಿ; ಟಿಕೆಟ್ ಪರೀಕ್ಷಕರಿಗೆ ಹೇಳಿ, ಮುಂದಿನ ದೊಡ್ಡ ನಿಲ್ದಾಣದಲ್ಲೇ ಇಳಿದು ಹತ್ತಿರದ ಆಸ್ಪತ್ರೆ ಸೇರಿ.