ಹಸು ಯಾರು ಕರೀತಾರೆ?

‘ಕೃಷಿಕನಿಗೆ ರಜೆ ಇಲ್ಲ’ ಎಂಬ ಮಾತನ್ನು ನಾವೆಲ್ಲ ಸ್ವಲ್ಪ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತೇವೆ. ನನ್ನ ಮಟ್ಟಿಗೆ ಅದು ಅರ್ಧ ಸುಳ್ಳು. ಸೊಸೈಟಿ ಮೀಟಿಂಗು, ಅಡಿಕೆ ಮಂಡಿ, ಮದುವೆ, ಉಪನಯನ, ಯಾರದೋ ತೋಟ ನೋಡುವುದು ಅಂತ ಗಂಡಸರು ತಿಂಗಳಿಗೆ ನಾಲ್ಕು ದಿನವಾದರೂ ಹೊರಗಿರುತ್ತೇವೆ. ನಿಜಕ್ಕೂ ರಜೆ ಇಲ್ಲದ್ದು ಮನೆಯೊಳಗಿನವರಿಗೆ. ಅದರಲ್ಲೂ ಸೊಂಟದಲ್ಲೊಂದು, ಮಡಿಲಲ್ಲೊಂದು ಮಗು ಇರುವ ಹೆಂಗಸಿಗೆ.

ನಮ್ಮ ಮನೆಯದ್ದೇ ಹೇಳುತ್ತೇನೆ. ಮಗನಿಗೆ ಎರಡೂವರೆ ವರ್ಷ, ಮಗಳಿಗೆ ನಾಲ್ಕು ತಿಂಗಳು. ಬಾಣಂತನಕ್ಕೆ ತವರಿಗೆ ಹೋಗಿ ಬಂದದ್ದು ಬಿಟ್ಟರೆ ನನ್ನ ಹೆಂಡತಿ ಎರಡು ವರ್ಷದಿಂದ ಸಾಗರ ಪೇಟೆ ದಾಟಿರಲಿಲ್ಲ. ಒಂದು ರಾತ್ರಿ “ಮೈಸೂರಿಗೆ ಹೋಗ್ಬರೋಣ್ವಾ?” ಅಂದಳು. ನನ್ನ ಬಾಯಿಂದ ತಕ್ಷಣ ಬಂದದ್ದು, “ಹಸು ಯಾರು ಕರೀತಾರೆ?” ಅವಳು ಏನೂ ಹೇಳದೆ ಒಳಗೆ ಹೋದಳು. ಆಮೇಲೆ ಹೊಳೆಯಿತು. ನಾನು ಮಂಡಿಗೆ ಹೊರಟಾಗ ಈ ಪ್ರಶ್ನೆ ಒಂದು ದಿನವೂ ಎದ್ದಿಲ್ಲ. ಯಾಕೆಂದರೆ ಕರೆಯುವವಳು ಅವಳೇ.

ಅದಕ್ಕೇ ನನ್ನ ವಾದ: ಚಿಕ್ಕ ಮಕ್ಕಳಿರುವ ಕೃಷಿಕ ಕುಟುಂಬ ವರ್ಷಕ್ಕೆ ನಾಲ್ಕು ದಿನ ಹೊರಗೆ ಹೋಗಲೇಬೇಕು. ‘ಮಕ್ಕಳು ದೊಡ್ಡವರಾಗಲಿ’ ಎಂದು ಮುಂದೆ ಹಾಕಬಾರದು. ಮಕ್ಕಳು ದೊಡ್ಡವರಾದ ಮೇಲೆ ಶಾಲೆ, ಪರೀಕ್ಷೆ. ಆಮೇಲೆ ಅವರೇ ಬೆಂಗಳೂರಿಗೆ ಹೋಗಿರುತ್ತಾರೆ.

ಆದರೆ ಬೋರ್ಡೋ ಹೊಡೆಯಲು ಹೇಗೆ ತಯಾರಿ ಮಾಡುತ್ತೇವೋ ಇದಕ್ಕೂ ಹಾಗೇ ಮಾಡಬೇಕು. ಮೊದಲನೆಯದು ಕಾಲ. ಮಳೆಗಾಲ ಬೇಡ. ಕೊನೆಕೊಯ್ಲು ಶುರುವಾದರೆ ಬೇಯಿಸಿ ಒಣಗಿಸುವ ತನಕ ಮನೆ ಬಿಡುವ ಮಾತೇ ಇಲ್ಲ. ಏಪ್ರಿಲ್ ಬಂದರೆ ತೋಟದ ನೀರಿನ ಚಿಂತೆ. ನಮ್ಮ ಕಡೆ ಉಳಿಯುವುದು ಅಡಿಕೆ ಚೀಲ ಸೇರಿದ ಮೇಲಿನ ಫೆಬ್ರವರಿ ಮಾತ್ರ. ಆಗ ಕಾಳುಮೆಣಸು ಹಣ್ಣಾಗಿರುತ್ತದಲ್ಲ ಎಂದು ನೀವು ಕೇಳಬಹುದು. ಹೌದು. ನಾಲ್ಕು ದಿನದಲ್ಲಿ ಹಕ್ಕಿಗಳು ಒಂದಷ್ಟು ತಿಂದವು. ತಿನ್ನಲಿ. ದಸರಾಕ್ಕೆ ಮೈಸೂರಿಗೆ ಹೋಗುವ ಆಸೆ ಎಲ್ಲರಿಗೂ ಇರುತ್ತದೆ, ಕೂಸು ಇರುವವರು ಅದನ್ನು ಬಿಡುವುದು ಒಳ್ಳೆಯದು. ಆ ಜನಜಂಗುಳಿಯಲ್ಲಿ ಎದೆಹಾಲು ಕುಡಿಸಲು ಒಂದು ಮೂಲೆಯೂ ಸಿಗುವುದಿಲ್ಲ.

ಎರಡನೆಯದು ಕೂಸಿನ ವಯಸ್ಸು. ಕೂಸು ಸಣ್ಣದಿದ್ದಷ್ಟೂ ಕಷ್ಟ ಅಂದುಕೊಂಡಿದ್ದೆ. ತಪ್ಪು. ಆರು ತಿಂಗಳು ತುಂಬುವ ತನಕ ತಾಯಿಯ ಹಾಲೊಂದೇ ಸಾಕು, ನೀರೂ ಬೇಡ. ಅಂದರೆ ಬಾಟಲಿ ಇಲ್ಲ, ಕುದಿಸುವುದಿಲ್ಲ, ರಾಗಿ ಸರಿ ಬೇಯಿಸುವ ತಾಪತ್ರಯ ಇಲ್ಲ. 14 ವಾರದ ಚುಚ್ಚುಮದ್ದು ಆದರೆ ಮುಂದಿನದು 9 ತಿಂಗಳಿಗೆ. ಹೋಗುವುದಾದರೆ ನಡುವಿನ ಈ ಸಂದಿನಲ್ಲೇ ಹೋಗಬೇಕು ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ ತೀರ್ಮಾನ ಮಾಡಿದೆವು. ಹೋಗುವ ಹೊತ್ತಿಗೆ ಮಗಳಿಗೆ ಐದು ತಿಂಗಳು.

ಇನ್ನು ಹಸು. ನಮ್ಮಲ್ಲಿ ಎರಡಿವೆ. ಕರು ಹಾಕುವ ಎರಡು ತಿಂಗಳ ಮೊದಲು ಹಾಲು ಬತ್ತಿಸುತ್ತೇವಲ್ಲ, ಒಂದು ಆ ಸ್ಥಿತಿಯಲ್ಲಿತ್ತು. ಅದಕ್ಕೆ ಹುಲ್ಲು, ನೀರು ಕೊಟ್ಟರಾಯಿತು. ಇನ್ನೊಂದು ಹೊಸ ಕೈಗೆ ಹಾಲು ಬಿಡುವುದಿಲ್ಲ. ಪಕ್ಕದ ಮನೆಯ ಅಕ್ಕ ಒಂದು ವಾರ ಮೊದಲಿನಿಂದಲೇ ಬಂದು, ನನ್ನವಳು ಪಕ್ಕದಲ್ಲಿ ನಿಂತಿರುವಾಗ ಕರೆದರು. ಮೊದಲೆರಡು ದಿನ ಅರ್ಧ ಚೆಂಬೂ ಇಲ್ಲ. ಮೂರನೇ ದಿನ ನನ್ನವಳ ಹಳೇ ಸೀರೆ ಉಟ್ಟು ಕೂತರು. ಹಸು ಮೂಸಿ ನೋಡಿ ಸುಮ್ಮನಾಯಿತು. ಕೂಲಿ ಕೊಡುವ ಪ್ರಶ್ನೆ ಇಲ್ಲ, ಇದು ಮುಯ್ಯಾಳು. ಗದ್ದೆ ನೆಟ್ಟಿಗೆ ಇದ್ದ ಪದ್ಧತಿಯನ್ನು ರಜೆಗೂ ಯಾಕೆ ತರಬಾರದು? ಊರಲ್ಲಿ ನಾಲ್ಕು ಮನೆ ಸೇರಿದರೆ ವರ್ಷಕ್ಕೆ ನಾಲ್ಕು ಕುಟುಂಬ ಹೊರಗೆ ಹೋಗಿ ಬರಬಹುದು.

ಎಲ್ಲಿಗೆ ಹೋಗುವುದು ಎಂಬುದರಲ್ಲಿ ನಾನು ಹಿಂದೊಮ್ಮೆ ಪೆಟ್ಟು ತಿಂದವನು. ಮಗ ಹತ್ತು ತಿಂಗಳವನಿದ್ದಾಗ ಬಾಡಿಗೆ ಜೀಪಿನಲ್ಲಿ ಎರಡೇ ದಿನಕ್ಕೆ ಐದು ದೇವಸ್ಥಾನ ಹಾಕಿಕೊಂಡಿದ್ದೆ. ಘಾಟಿಯಲ್ಲಿ ವಾಂತಿ, ರಾತ್ರಿ ಭೇದಿ, ಮೂರನೇ ದೇವಸ್ಥಾನಕ್ಕೇ ವಾಪಸ್. ಈ ಸಲ ಒಂದೇ ಊರು, ಒಂದೇ ಕೋಣೆ, ಮೂರು ರಾತ್ರಿ. ಕೋಣೆ ನೆಲಮಾಳಿಗೆಯಲ್ಲ, ಮಹಡಿಯೂ ಅಲ್ಲ, ರಸ್ತೆ ಮಟ್ಟದ್ದು. ಬಿಸಿನೀರು ಇದೆಯಾ ಎಂದು ಫೋನು ಮಾಡಿ ಕೇಳಿಯೇ ಗೊತ್ತು ಮಾಡಿದ್ದು. ತಾಳಗುಪ್ಪದಿಂದ ಬರುವ ರಾತ್ರಿ ರೈಲು ಸಾಗರದಲ್ಲಿ ಹತ್ತಿದರೆ ಬೆಳಗ್ಗೆ ಮೈಸೂರು. ಐದು ವರ್ಷದೊಳಗಿನ ಮಕ್ಕಳಿಗೆ ರೈಲಿನಲ್ಲಿ ಟಿಕೆಟ್ ಬೇಡ, ಆದರೆ ಮಲಗಲು ಜಾಗವೂ ಇಲ್ಲ. ಹಾಗಾಗಿ ಮುಂಚೆಯೇ ಕೆಳಗಿನ ಬರ್ತ್ ಕೇಳಿ ಬುಕ್ ಮಾಡಬೇಕು. ಅಲ್ಲಿ ಊರೊಳಗೆ ಓಡಾಡಲು ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ 2023ರ ಜೂನ್‌ನಿಂದ ಟಿಕೆಟ್ ಇಲ್ಲವಲ್ಲ. ನನ್ನೊಬ್ಬನದೇ ಖರ್ಚು ಎಂದು ಅವಳು ನಕ್ಕಳು.

ಚೀಲದಲ್ಲಿ ತಪ್ಪದೆ ಇರಬೇಕಾದವು ಎಂದರೆ ಹಳೇ ಕಾಟನ್ ಸೀರೆ ಎರಡು, ಓಆರ್‌ಎಸ್ ಪೊಟ್ಟಣ, ತಾಯಿ ಕಾರ್ಡು. ಸೀರೆ ಹಾಸಲು, ಹೊದೆಯಲು, ಮರೆ ಮಾಡಲು ಎಲ್ಲಕ್ಕೂ ಆಗುತ್ತದೆ. ಕೊನೆಗೆ ಹರಿದು ಕೂಸಿನ ಬಟ್ಟೆ ಮಾಡಬಹುದು. ಮಗನಿಗೆ ಮನೆಯ ಅವಲಕ್ಕಿ, ಬಾಳೆಹಣ್ಣು.

ಮೃಗಾಲಯಕ್ಕೆ ಬೆಳಗ್ಗೆ ಬಾಗಿಲು ತೆರೆಯುತ್ತಲೇ ಹೋದೆವು. ಮಂಗಳವಾರ ಅದಕ್ಕೆ ರಜ, ನೆನಪಿಡಿ. ಒಳಗೆ ನಡೆಯುವುದು ತುಂಬಾ ಇದೆ. ಬ್ಯಾಟರಿ ಗಾಡಿ ಇರುತ್ತದೆ, ಜಿಪುಣತನ ಮಾಡಬೇಡಿ. ಜಿರಾಫೆ, ಹುಲಿ ಎಲ್ಲ ತೋರಿಸಿದರೆ ನಮ್ಮ ಮಗ ನೋಡಿದ್ದು ದಾರಿಯಲ್ಲಿ ಓಡುತ್ತಿದ್ದ ಅಳಿಲನ್ನು! ಮಧ್ಯಾಹ್ನ ಮೂವರೂ ನಿದ್ದೆ. ಸಂಜೆ ಒಂದೇ ಜಾಗ. ಅರಮನೆಯ ದೀಪ ಭಾನುವಾರ ಹಚ್ಚುತ್ತಾರೆ ಎಂದು ಆ ದಿನ ಸೇರಿಸಿಕೊಂಡೇ ಹೋಗಿದ್ದೆವು. ಒಂದು ಮಧ್ಯಾಹ್ನ ಎರಡೂ ಮಕ್ಕಳನ್ನು ನಾನು ಇಟ್ಟುಕೊಂಡು ಅವಳನ್ನು ಒಬ್ಬಳನ್ನೇ ದೇವರಾಜ ಮಾರುಕಟ್ಟೆಗೆ ಕಳಿಸಿದೆ. ಹಾಲು ಕುಡಿಸಿ ಹೋದವಳು ಎರಡು ಗಂಟೆ ಬಿಟ್ಟು ಬಂದಳು. ತಂದದ್ದು ಒಂದು ಮೊಳ ಮಲ್ಲಿಗೆ. “ಇಷ್ಟೇನಾ?” ಎಂದರೆ “ಸುಮ್ನೆ ನಡೆದೆ” ಅಂದಳು. ಆ ಎರಡು ಗಂಟೆಯಲ್ಲಿ ನಾನು ಪಟ್ಟ ಪಾಡು ಬರೆದರೆ ಈ ಪುಟ ಸಾಲದು.

ಸೊಸೈಟಿಗೆ ನಾಲ್ಕು ದಿನ ಒಟ್ಟು ಐದು ಲೀಟರ್ ಹಾಲು ಕಡಿಮೆ ಹೋಗಿದೆ. ನಷ್ಟ ಎಂದರೆ ಅಷ್ಟು, ಜೊತೆಗೆ ಹಕ್ಕಿ ತಿಂದ ಮೆಣಸು.

ಮುಂದಿನ ತಿಂಗಳು ಪಕ್ಕದ ಮನೆಯವರು ಮೊಮ್ಮಗುವನ್ನು ಕರೆದುಕೊಂಡು ಗೋಕರ್ಣಕ್ಕೆ ಹೊರಟಿದ್ದಾರೆ. ಅವರ ಹಸು ಕರೆಯುವ ಸರದಿ ನಮ್ಮದು. ಈ ಸಲ ನಾನೇ ಕರೆಯುತ್ತೇನೆ ಎಂದು ಒಪ್ಪಿಕೊಂಡಿದ್ದೇನೆ. ಅದು ಒದೆಯುತ್ತದಂತೆ.